ಮಣ್ಣಿನಲ್ಲಿ ಸಾರಜನಕ ಜಾಸ್ತಿ ಇದ್ದರೆ ಕಾಡು ಚೆನ್ನಾಗಿದೆ ಅಂತ ಹೇಳಬಹುದಾ?

ತರಗೆಲೆ
ಎಲ್ಲರಿಗೂ ನಮಸ್ಕಾರ. ಸಮಶೀತೋಷ್ಣ ವಲಯದ ಎಲೆ ಉದುರುವ ಕಾಡಿನ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದೇ ಬೆಟ್ಟದ ಎರಡು ಜಾಗದ ಮಣ್ಣಿನ ವರದಿ ಕೈಯಲ್ಲಿದೆ. ಮೇಲಿನ ಜಾಗದಲ್ಲಿ ಓಕ್ ಮರಗಳು ಜಾಸ್ತಿ, ಕೆಳಗೆ ಶುಗರ್ ಮೇಪಲ್. ಕೆಳಗಿನ ಮಣ್ಣಿನಲ್ಲಿ ಒಟ್ಟು ಸಾರಜನಕ ಮೇಲಿನದರ ಹೆಚ್ಚುಕಡಿಮೆ ಎರಡರಷ್ಟಿದೆ. ಹಾಗಾದರೆ ಕೆಳಗಿನ ಕಾಡೇ ಗಟ್ಟಿಮುಟ್ಟಾಗಿರಬೇಕು ಅಲ್ವಾ? ನೋಡಿದರೆ ಅಲ್ಲಿನ ಮೇಪಲ್‌ಗಳ ನೆತ್ತಿಯೇ ಬೋಳಾಗುತ್ತಿದೆ, ತುದಿ ಕೊಂಬೆಗಳು ಒಣಗಿವೆ. ಮೇಲಿನ ಓಕ್‌ಗಳು ಆರಾಮಾಗಿ ನಿಂತಿವೆ.

"ಸಾರಜನಕವನ್ನು ಕಾಡಿನ ಆರೋಗ್ಯದ ಸೂಚಕವಾಗಿ ಇಟ್ಟುಕೊಂಡು ಒಂದು ಅಧ್ಯಾಯ ಬರಿ" ಎಂದು ಗೈಡ್ ಹೇಳಿದ್ದಾರೆ. ಈ ಅಂಕಿ ಇಟ್ಟುಕೊಂಡು ಏನು ಬರೆಯಲಿ?

ಸುಮ್ನೆ_ಓದುಗ
ಯೂರಿಯಾ ಹಾಕಿದರೆ ಬೆಳೆ ಹಸಿರಾಗುತ್ತದೆ. ಕಾಡಿಗೆ ಮಾತ್ರ ಬೇರೆ ನ್ಯಾಯವಾ? ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ?

ಲ್ಯಾಬ್‌ಕೋಟು
ತಲೆ ಕೆಡಿಸಿಕೊಳ್ಳುವುದು ಬೇಕಾದಷ್ಟಿದೆ. ತರಗೆಲೆ ಅವರೇ, ವರದಿಯಲ್ಲಿರುವುದು "ಒಟ್ಟು" ಸಾರಜನಕ ತಾನೇ? ಒಂದು ಹೆಕ್ಟೇರ್ ಕಾಡಿನ ಮಣ್ಣಿನಲ್ಲಿ ಹಲವು ಸಾವಿರ ಕೆಜಿ ಸಾರಜನಕ ಇರುತ್ತದೆ. ಅದರಲ್ಲಿ ಬಹುಪಾಲು ಕೊಳೆತ ಎಲೆ, ಬೇರು, ಸತ್ತ ಸೂಕ್ಷ್ಮಜೀವಿಗಳ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬೀಗ ಹಾಕಿದ ಕಣಜ ಅಂದುಕೊಳ್ಳಿ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ಒಡೆದು ಅಮೋನಿಯಂ ಮತ್ತು ನೈಟ್ರೇಟ್ ಮಾಡಿ ಕೊಟ್ಟಷ್ಟೇ ಮರಕ್ಕೆ ಸುಲಭವಾಗಿ ದಕ್ಕುವುದು. ವರ್ಷಕ್ಕೆ ಹಾಗೆ ಬಿಡುಗಡೆಯಾಗುವುದು ಒಟ್ಟು ದಾಸ್ತಾನಿನ ಒಂದು ಸಣ್ಣ ಪಾಲು ಅಷ್ಟೆ. ಹಾಗಾಗಿ ಒಟ್ಟು ಸಾರಜನಕ ಎರಡರಷ್ಟಿದೆ ಅಂದಮಾತ್ರಕ್ಕೆ ಮರದ ಬಾಯಿಗೆ ಎರಡರಷ್ಟು ಬಿತ್ತು ಅಂತೇನೂ ಇಲ್ಲ.

ಇಂಗಾಲದ ಅಂಕಿಯೂ ಬಂದಿದೆಯಾ? ಇಂಗಾಲ-ಸಾರಜನಕ ಅನುಪಾತ, ಅಂದರೆ ಒಂದು ಪಾಲು ಸಾರಜನಕಕ್ಕೆ ಎಷ್ಟು ಪಾಲು ಇಂಗಾಲ ಎಂದು ಹೇಳಿ, ಆಮೇಲೆ ಮಾತಾಡೋಣ.

ತರಗೆಲೆ
ಬಂದಿದೆ ಮೇಡಂ. ಮೇಲ್ಪದರದಲ್ಲಿ ಓಕ್ ಜಾಗದ್ದು 27, ಮೇಪಲ್ ಜಾಗದ್ದು 17.

ಅಂಕಿಅಂಶ
ಅಲ್ಲೇ ಇದೆ ಉತ್ತರ. ಯುರೋಪಿನ ಶಂಕುಮರದ ಕಾಡುಗಳಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ. ನೆಲದ ಮೇಲಿನ ಎಲೆಗೊಬ್ಬರದ ಪದರದಲ್ಲಿ ಅನುಪಾತ 30 ದಾಟಿದ್ದರೆ ನೈಟ್ರೇಟ್ ಸೋರುವುದು ಬಹಳ ಕಮ್ಮಿ. 25ಕ್ಕಿಂತ ಕೆಳಗಿಳಿದರೆ ಸೋರಿಕೆ ಶುರುವಾಗುವ ಅಪಾಯ ಜಾಸ್ತಿ. 17 ಅಂದರೆ ಸಾರಜನಕ ತುಂಬಿ ತುಳುಕುತ್ತಿದೆ. ಕೆಳಗಿನ ಕಾಡಿಗೆ ಅಜೀರ್ಣವಾಗಿದೆ. ಮುಗೀತು.

ಹಳೇಮೇಷ್ಟ್ರು
ಮುಗೀತು ಅಂತ ಅಷ್ಟು ಬೇಗ ಹೇಳಬೇಡಿ ಸ್ವಾಮಿ. ಶಂಕುಮರದ ಕಾಡಿನ ಲೆಕ್ಕವನ್ನು ತಂದು ಮೇಪಲ್ ಕೆಳಗೆ ಇಡುತ್ತಿದ್ದೀರಿ. ಮೇಪಲ್ ಎಲೆ ಬೇಗ ಕೊಳೆಯುತ್ತದೆ. ಅದರ ಬೇರಿನ ಜೊತೆ ಇರುವುದು ಬೇರಿನ ಒಳಗೇ ಹೊಕ್ಕು ಬದುಕುವ ಆರ್ಬಸ್ಕುಲರ್ ಜಾತಿಯ ಶಿಲೀಂಧ್ರ. ಓಕ್, ಬೀಚ್, ಪೈನ್‌ಗಳ ಬೇರಿಗೆ ಹೊರಗಿನಿಂದ ಕವಚದಂತೆ ಸುತ್ತಿಕೊಳ್ಳುವ ಎಕ್ಟೋ ಶಿಲೀಂಧ್ರ. ಆ ಎಲೆಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಜಾಸ್ತಿ, ನಿಧಾನಕ್ಕೆ ಕೊಳೆಯುತ್ತವೆ. ಹಾಗಾಗಿ ಒಂದೇ ಬೆಟ್ಟ, ಒಂದೇ ಮಳೆ ಇದ್ದರೂ ಮೇಪಲ್ ಕೆಳಗೆ ಅನುಪಾತ ಕಡಿಮೆ, ನೈಟ್ರೇಟ್ ಜಾಸ್ತಿ. ಓಕ್ ಕೆಳಗೆ ತದ್ವಿರುದ್ಧ. ಅಮೆರಿಕದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಇದನ್ನು ಚೆನ್ನಾಗಿ ಅಳೆದು ತೋರಿಸಿದ್ದಾರೆ. ಅದು ಮರದ ಸ್ವಭಾವ, ರೋಗದ ಲಕ್ಷಣವಲ್ಲ.

ಅಂಕಿಅಂಶ
ಸ್ವಭಾವವಾದರೆ ನೆತ್ತಿ ಯಾಕೆ ಬೋಳಾಗುತ್ತಿದೆ ಮೇಷ್ಟ್ರೇ?

ಹಳೇಮೇಷ್ಟ್ರು
ಅದಕ್ಕೇ ಬರುತ್ತಿದ್ದೆ, ನಡುವೆ ಬಾಯಿ ಹಾಕಿದಿರಿ. ಶುಗರ್ ಮೇಪಲ್‌ಗೆ ಕ್ಯಾಲ್ಸಿಯಂ ಅಂದರೆ ಪ್ರಾಣ. ನೈಟ್ರೇಟ್ ಮಣ್ಣಿನಿಂದ ಬಸಿದು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಅದಕ್ಕೆ ಋಣ ವಿದ್ಯುದಂಶ ಇರುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ, ಅಲ್ಯೂಮಿನಿಯಂ ಕರಗಿ ಬೇರಿಗೆ ತಾಗುತ್ತದೆ. ಗಂಧಕದ ಆಮ್ಲಮಳೆಯೂ ಇದೇ ಕೆಲಸ ಮಾಡಿತ್ತು. ಮೊದಲು ಕ್ಯಾಲ್ಸಿಯಂ ಎಷ್ಟಿದೆ ನೋಡಿ. ಸಾರಜನಕವನ್ನೇ ಹಿಡಿದುಕೊಂಡು ಕೂತರೆ ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಹಿಡಿದಂತಾಗುತ್ತದೆ.

ಮಳೆಹನಿ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಒಳ್ಳೆ ಪುರಾವೆ ಇದೆ. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1999ರಲ್ಲಿ ಒಂದು ಇಡೀ ಜಲಾನಯನಕ್ಕೆ ಹೆಲಿಕಾಪ್ಟರ್‌ನಿಂದ ವೊಲಾಸ್ಟೊನೈಟ್ ಉದುರಿಸಿದರು. ಅದು ಕ್ಯಾಲ್ಸಿಯಂ ಇರುವ ಖನಿಜ. ಆಮ್ಲಮಳೆ ಇಷ್ಟು ವರ್ಷ ತೊಳೆದುಕೊಂಡು ಹೋದ ಕ್ಯಾಲ್ಸಿಯಂ ಅನ್ನು ವಾಪಸ್ ಕೊಟ್ಟು ನೋಡೋಣ ಎಂಬ ಲೆಕ್ಕ. ಮೇಪಲ್‌ಗಳು ಚೇತರಿಸಿಕೊಂಡವು. ಕೆಂಪು ಸ್ಪ್ರೂಸ್‌ಗೆ ಚಳಿಗಾಲದಲ್ಲಿ ಆಗುತ್ತಿದ್ದ ಎಲೆಸುಡುವಿಕೆ ತಗ್ಗಿತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸುಮಾರು ಹತ್ತು ವರ್ಷದ ನಂತರ ಅದೇ ಜಲಾನಯನದ ತೊರೆಯಲ್ಲಿ ನೈಟ್ರೇಟ್ ಏರತೊಡಗಿತು. ಹುಳಿ ಕಮ್ಮಿಯಾಗಿದ್ದಕ್ಕೆ ಸೂಕ್ಷ್ಮಜೀವಿಗಳು ಚುರುಕಾಗಿ ಹಳೇ ದಾಸ್ತಾನನ್ನು ಒಡೆಯಲು ಶುರುಮಾಡಿದ್ದವು. ಮಣ್ಣಿನಲ್ಲಿ ಸಾರಜನಕ ಕೂಡಿಡುತ್ತಿದ್ದ ಕಾಡು ಕಳೆದುಕೊಳ್ಳುವ ಕಾಡಾಯಿತು. ಮರ ನೋಡಿದರೆ ಚೆನ್ನಾಗಿವೆ, ತೊರೆ ನೋಡಿದರೆ ಸೋರುತ್ತಿದೆ. ಈಗ ಹೇಳಿ, ಆ ಕಾಡಿಗೆ ಆರೋಗ್ಯ ಇದೆಯೋ ಇಲ್ಲವೋ?

ಸುಮ್ನೆ_ಓದುಗ
ಅಯ್ಯೋ, ಪಾಪ ಆ ಹುಡುಗ ಒಂದು ಅಧ್ಯಾಯ ಬರೆಯಬೇಕು ಅಷ್ಟೆ 😅

ತರಗೆಲೆ
ಹುಡುಗಿ 🙂

ಸುಮ್ನೆ_ಓದುಗ
ಸಾರಿ ತಂಗಿ. ಆದರೂ ನನ್ನ ಯೂರಿಯಾ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಾಡಿಗೆ ಗೊಬ್ಬರ ಹಾಕಿದರೆ ಬೆಳೆಯುತ್ತದೋ ಇಲ್ಲವೋ?

ಅಂಕಿಅಂಶ
ಹಾಕಿಯೇ ನೋಡಿದ್ದಾರೆ. ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನಲ್ಲಿ 1988ರಲ್ಲಿ ಶುರುವಾದ ಪ್ರಯೋಗ. ಪಕ್ಕಪಕ್ಕದ ಎರಡು ಕಾಡು. ಒಂದು ಕೆಂಪು ಪೈನ್ ನೆಡುತೋಪು, ಇನ್ನೊಂದು ಓಕ್ ಜಾಸ್ತಿ ಇರುವ ಮಿಶ್ರ ಕಾಡು. ಹೆಕ್ಟೇರಿಗೆ ವರ್ಷಕ್ಕೆ 50 ಕೆಜಿ ಮತ್ತು 150 ಕೆಜಿ ಲೆಕ್ಕದಲ್ಲಿ ಸಾರಜನಕ ಕೊಡುತ್ತಾ ಹೋದರು. ಓಕ್ ಕಾಡಿನಲ್ಲಿ ಮರದ ಬೆಳವಣಿಗೆ ಏರಿತು. ಜಾಸ್ತಿ ಗೊಬ್ಬರ ಬಿದ್ದ ಪೈನ್ ತೋಪಿನಲ್ಲಿ ಸೂಜಿ ಎಲೆಗಳಲ್ಲಿ ಸಾರಜನಕ ತುಂಬಿಕೊಂಡಿತು, ಬೆಳವಣಿಗೆ ಕುಸಿಯಿತು, ಮರಗಳು ಸಾಲುಸಾಲಾಗಿ ಸತ್ತವು. ಒಂದೇ ಗೊಬ್ಬರ, ಒಂದೇ ಹವೆ, ಫಲಿತಾಂಶ ಮಾತ್ರ ಉಲ್ಟಾ.

ಹಳೇಮೇಷ್ಟ್ರು
ನೋಡಿ, ಈಗ ನನ್ನ ಪಕ್ಷಕ್ಕೇ ಬಂದಿರಿ. ಅಂಕಿ ಒಂದೇ ಇರಬಹುದು, ಅರ್ಥ ಮರ ನೋಡಿ ಹೇಳಬೇಕು.

ಅಂಕಿಅಂಶ
ನಿಮ್ಮ ಪಕ್ಷಕ್ಕೆ ಬಂದಿಲ್ಲ. ಕೊನೆಗೆ ಎರಡು ಕಡೆಯೂ ನೈಟ್ರೇಟ್ ಸೋರಿತು. ಪೈನ್ ತೋಪು ಬೇಗ, ಓಕ್ ಕಾಡು ತಡವಾಗಿ, ಅಷ್ಟೇ ವ್ಯತ್ಯಾಸ. 1989ರಲ್ಲೇ ಏಬರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಈ ದಾರಿಯನ್ನು ಬರೆದಿಟ್ಟಿದ್ದರು. ಮೊದಮೊದಲು ಮರಕ್ಕೆ ಲಾಭ, ಬೆಳವಣಿಗೆ ಏರುತ್ತದೆ. ಆಮೇಲೆ ಮರ ಮತ್ತು ಮಣ್ಣು ಹೀರಿಕೊಳ್ಳುವ ಮಿತಿ ದಾಟಿ ನೈಟ್ರೇಟ್ ಹೊರಗೆ ಹರಿಯುತ್ತದೆ. ಕೊನೆಗೆ ಕಾಡೇ ಕ್ಷೀಣಿಸುತ್ತದೆ. ಸಾರಜನಕ ಸಂತೃಪ್ತಿ ಅಂತ ಹೆಸರು.

ಕಾಡುಪಾಪ
ಹೆಸರು ಸಂತೃಪ್ತಿ, ಪರಿಣಾಮ ಸಾವು. ಚೆನ್ನಾಗಿದೆ.

ಲ್ಯಾಬ್‌ಕೋಟು
ಏಬರ್ ಅವರ ಮೂಲ ಚಿತ್ರದಲ್ಲಿ ಈ ಹಂತಗಳು ಒಂದರ ಹಿಂದೆ ಒಂದು ಶಿಸ್ತಾಗಿ ಬರುತ್ತವೆ. ನಿಜವಾದ ಕಾಡುಗಳು ಅಷ್ಟು ಶಿಸ್ತಿನವಲ್ಲ. ಅವರೇ 1998ರಲ್ಲಿ ಮತ್ತೆ ಕೂತು ತಿದ್ದಿದರು. ಬಂದ ಸಾರಜನಕದಲ್ಲಿ ಮರಕ್ಕೆ ಹೋಗುವುದು ಸ್ವಲ್ಪ, ಮಣ್ಣೇ ಬಹುಪಾಲು ನುಂಗಿಬಿಡುತ್ತದೆ ಎಂದು ಗುರುತು ಹಾಕಿದ ಸಾರಜನಕ ಬಳಸಿ ಕಂಡುಕೊಂಡಿದ್ದರು. ಆ ಮಣ್ಣು ಹೊಟ್ಟೆಬಾಕ. ಅದು ಎಷ್ಟು ನುಂಗುತ್ತದೆ ಎನ್ನುವುದು ಆ ನೆಲದ ಹಿಂದಿನ ಚರಿತ್ರೆಯ ಮೇಲೆ ನಿಂತಿದೆ.

ತರಗೆಲೆ, ನಿಮ್ಮ ಕೆಳಗಿನ ಜಾಗ ಹಿಂದೆ ಏನಾಗಿತ್ತು? ಯಾವಾಗಲೂ ಕಾಡೇನಾ?

ತರಗೆಲೆ
ಇಲ್ಲ ಮೇಡಂ. ಕೆಳಗೆ ಹಳೇ ಕಲ್ಲಿನ ಗೋಡೆಗಳಿವೆ. ಹಿಂದೆ ದನ ಮೇಯಿಸುವ ಹುಲ್ಲುಗಾವಲು ಇತ್ತಂತೆ. ಮೇಲಿನದು ಕಡಿದಾದ ಇಳಿಜಾರು, ಅಲ್ಲಿ ಯಾವತ್ತೂ ಉಳುಮೆ ಆಗಿಲ್ಲ.

ಲ್ಯಾಬ್‌ಕೋಟು
ಹಾಗಾದರೆ ಗೋಡೆಯ ಒಳಗೂ ಹೊರಗೂ ಬೇರೆ ಬೇರೆ ಮಾದರಿ ತೆಗೆಯಲೇಬೇಕು. ಮನುಷ್ಯ ಬಿಟ್ಟುಹೋದ ಗೊಬ್ಬರ ಅಷ್ಟು ಸುಲಭವಾಗಿ ಅಳಿಸುವುದಿಲ್ಲ. ಫ್ರಾನ್ಸಿನ ಟ್ರೋನ್‌ಸೇ ಓಕ್ ಕಾಡಿನಲ್ಲಿ ರೋಮನ್ನರ ಕಾಲದ ಹೊಲಮನೆಗಳ ಕುರುಹುಗಳಿವೆ. ಅವು ಪಾಳುಬಿದ್ದು ಹತ್ತಿರ ಹತ್ತಿರ ಎರಡು ಸಾವಿರ ವರ್ಷ. ಇವತ್ತಿಗೂ ಆ ಕುರುಹುಗಳ ಸುತ್ತ ಮಣ್ಣಿನಲ್ಲಿ ಸಾರಜನಕ, ರಂಜಕ ಜಾಸ್ತಿ ಇದೆ, ಸಾರಜನಕ ಇಷ್ಟಪಡುವ ಗಿಡಗಳೂ ಜಾಸ್ತಿ. 2007ರಲ್ಲಿ ಇದು ಪ್ರಕಟವಾಯಿತು. ಅಲ್ಲಿಯ ಜಾಸ್ತಿ ಸಾರಜನಕ ನೋಡಿ "ಹೊಗೆಯ ಸಾರಜನಕದಿಂದ ಗಾಳಿ ಕೆಟ್ಟಿದೆ" ಎಂದೂ ಹೇಳುವಂತಿಲ್ಲ, "ಕಾಡು ಸುಭಿಕ್ಷ" ಎಂದೂ ಹೇಳುವಂತಿಲ್ಲ.

ಮಳೆಹನಿ
ಇದರ ಉಲ್ಟಾ ಉದಾಹರಣೆಯೂ ಇದೆ. ಮಧ್ಯ ಯುರೋಪಿನಲ್ಲಿ ರೈತರು ಶತಮಾನಗಟ್ಟಲೆ ಕಾಡಿನ ತರಗೆಲೆ ಗುಡಿಸಿಕೊಂಡು ಹೋಗಿ ದನದ ಕೆಳಗೆ ಹಾಸುತ್ತಿದ್ದರು. ಎಲೆ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ಹೊಲಕ್ಕೆ. ಕಾಡಿಗೆ ವಾಪಸ್ ಏನೂ ಬರುತ್ತಿರಲಿಲ್ಲ. ಹೀಗೆ ಸೊರಗಿದ ಕಾಡಿಗೆ 20ನೇ ಶತಮಾನದಲ್ಲಿ ಗಾಳಿಯಿಂದ ಬಿದ್ದ ಸಾರಜನಕ ಒಂದಷ್ಟು ಕಾಲ ಟಾನಿಕ್ ಆಗಿ ಕೆಲಸ ಮಾಡಿತು. "ಕಾಡು ಸಾಯುತ್ತಿದೆ" ಎಂದು ಜರ್ಮನಿಯಲ್ಲಿ 1980ರ ದಶಕದಲ್ಲಿ ಗದ್ದಲ ಎದ್ದಿತ್ತಲ್ಲ, ಅದೇ ಹೊತ್ತಿನಲ್ಲಿ ಎಷ್ಟೋ ಕಡೆ ಮರಗಳು ಹಿಂದಿಗಿಂತ ಜೋರಾಗಿ ಬೆಳೆಯುತ್ತಿದ್ದವು. ಒಂದು ಕಡೆ ಸೂಜಿ ಎಲೆ ಹಳದಿಯಾಗುವುದು, ಇನ್ನೊಂದು ಕಡೆ ಕಾಂಡ ದಪ್ಪವಾಗುವುದು.

ಕಾಡುಪಾಪ
ಅಣಬೆ ಪ್ರಿಯರು ಯಾರಾದರೂ ಇದ್ದೀರಾ ಇಲ್ಲಿ? ಮಣ್ಣು ಅಗೆಯದೇ ಸಾರಜನಕದ ಅಂದಾಜು ಮಾಡುವುದಿದ್ದರೆ ಅಣಬೆ ನೋಡಿ. ಮರದ ಬೇರಿನ ಜೊತೆ ಬದುಕುವ ಎಕ್ಟೋ ಶಿಲೀಂಧ್ರಗಳಿಗೆ ಸಕ್ಕರೆ ಕೊಡುವುದು ಮರ. ಸುಲಭವಾಗಿ ಸಾರಜನಕ ಸಿಗತೊಡಗಿದರೆ ಮರಕ್ಕೆ ಇವುಗಳ ಹಂಗು ಕಮ್ಮಿಯಾಗುತ್ತದೆ, ಸಕ್ಕರೆಯೂ ಕಮ್ಮಿಯಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಶಾಂಟರೆಲ್ ಅಣಬೆ ಕಳೆದ ಶತಮಾನದಲ್ಲಿ ಎಷ್ಟೋ ಜಾಗದಿಂದ ಮಾಯವಾಗಿದ್ದಕ್ಕೆ ಇದೂ ಒಂದು ಕಾರಣ. ತೊಗಟೆ ಮೇಲಿನ ಕಲ್ಲುಹೂವಂತೂ ಇನ್ನೂ ಸೂಕ್ಷ್ಮ, ಮರಕ್ಕೆ ಏನೂ ಗೊತ್ತಾಗದಷ್ಟು ಸಾರಜನಕಕ್ಕೇ ಅದರ ಜಾತಿಗಳು ಬದಲಾಗಿಬಿಡುತ್ತವೆ. ಕೆಳಗೆ ಮುಟ್ಟಿದರೆ ಚುರುಗುಟ್ಟುವ ನೆಟಲ್ ಗಿಡ, ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆ ಹರಡಿದ್ದರೆ ಅದೂ ಸುಳಿವೇ. ಪ್ರಯೋಗಾಲಯಕ್ಕೆ ಒಂದು ಪೈಸೆ ಕೊಡಬೇಕಿಲ್ಲ.

ಅಂಕಿಅಂಶ
ನೆಟಲ್ ಬರುವುದು ರಂಜಕ ಜಾಸ್ತಿ ಇದ್ದರೂ. ಗಿಡ ನೋಡಿ ಜಾತಕ ಹೇಳಬೇಡಿ.

ಕಾಡುಪಾಪ
ನೀವು ಅಂಕಿ ನೋಡಿ ಹೇಳಿದ ಜಾತಕ ಏನಾಯಿತು ಎಂದು ಮೇಲೇ ಇದೆಯಲ್ಲ ಸರ್ 🙂

ಗೂಡು
ಪಕ್ಷಿ ನೋಡುವವಳು ನಾನು, ಮಣ್ಣಿನ ವಿಷಯಕ್ಕೆ ಒಂದೇ ಒಂದು ಕೊಡುಗೆ. ನೆದರ್ಲೆಂಡ್ಸ್‌ನ ಮರಳು ಮಣ್ಣಿನ ಕಾಡುಗಳಲ್ಲಿ ಗ್ರೇಟ್ ಟಿಟ್ ಹಕ್ಕಿಯ ಮೊಟ್ಟೆಗಳ ಸಿಪ್ಪೆ ತೆಳುವಾಗಿ ಒಡೆಯುತ್ತಿದ್ದವು. ಹಕ್ಕಿಗೆ ಸಿಪ್ಪೆ ಕಟ್ಟಲು ಕ್ಯಾಲ್ಸಿಯಂ ಸಿಗುತ್ತಿದ್ದದ್ದು ಬಸವನಹುಳುವಿನ ಚಿಪ್ಪಿನಿಂದ. ಮಣ್ಣು ಹುಳಿಯಾಗಿ ಬಸವನಹುಳು ಕಡಿಮೆಯಾಗಿದ್ದವು. ಜನ ಬಂದು ಹೋಗುವ ಪಿಕ್ನಿಕ್ ಜಾಗಗಳ ಹತ್ತಿರ ಮಾತ್ರ ಮೊಟ್ಟೆಗಳು ಸರಿಯಾಗಿದ್ದವು, ಯಾಕೆಂದರೆ ಅಲ್ಲಿ ಬಿಸಾಕಿದ ಕೋಳಿಮೊಟ್ಟೆ ಸಿಪ್ಪೆ ಸಿಗುತ್ತಿತ್ತು!

ಸುಮ್ನೆ_ಓದುಗ
ಕಸ ಹಾಕುವವರಿಗೆ ಮೊದಲ ಸಲ ಒಂದು ಒಳ್ಳೆ ಮಾತು ಕೇಳಿದೆ.

ಮೀನುಬುಟ್ಟಿ
ವಿಷಯಾಂತರ ಆಗಲೇ ಆಗಿರುವುದರಿಂದ ನಾನೂ ಸೇರುತ್ತೇನೆ. ಅಲಾಸ್ಕಾದ ತೊರೆಗಳಲ್ಲಿ ಸಾಲ್ಮನ್ ಮೀನು ಮೊಟ್ಟೆಯಿಡಲು ಬಂದು ಅಲ್ಲೇ ಸಾಯುತ್ತದೆ. ಕರಡಿಗಳು ಅರ್ಧ ತಿಂದು ಕಾಡಿನಲ್ಲಿ ಬಿಸಾಕುತ್ತವೆ. ಸಮುದ್ರದಿಂದ ಬಂದ ಸಾರಜನಕದಲ್ಲಿ ಭಾರದ ಐಸೊಟೋಪ್ (ತೂಕ ಜಾಸ್ತಿಯ ಪರಮಾಣು) ಜಾಸ್ತಿ ಇರುವುದರಿಂದ ಮರದ ಎಲೆಯಲ್ಲಿ ಅದನ್ನು ಪತ್ತೆ ಹಚ್ಚಬಹುದು. 2001ರ ಒಂದು ಅಧ್ಯಯನದ ಪ್ರಕಾರ ಅಂಥ ತೊರೆಗಳ ದಡದ ಗಿಡಮರಗಳ ಎಲೆಯ ಸಾರಜನಕದಲ್ಲಿ 22ರಿಂದ 24% ಮೀನಿನಿಂದ ಬಂದದ್ದು. ಸಿಟ್ಕಾ ಸ್ಪ್ರೂಸ್ ಮರಗಳು ಅಲ್ಲಿ ಜೋರಾಗಿಯೂ ಬೆಳೆಯುತ್ತವೆ. ಅಲ್ಲಿ ಮಾತ್ರ ಜಾಸ್ತಿ ಸಾರಜನಕ ಅಂದರೆ ಮೀನು ಚೆನ್ನಾಗಿದೆ, ಕರಡಿ ಚೆನ್ನಾಗಿದೆ ಎಂದೇ ಅರ್ಥ.

ಹಳೇಮೇಷ್ಟ್ರು
ಒಳ್ಳೆ ಮಾತು. ಒರೆಗಾನ್ ಕರಾವಳಿ ಬೆಟ್ಟಗಳೂ ಹಾಗೇ. ಅಲ್ಲಿ ಕೆಂಪು ಆಲ್ಡರ್ ಮರ ತನ್ನ ಬೇರುಗಂಟಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ತಲೆಮಾರುಗಳಿಂದ ಮಣ್ಣಿಗೆ ತುಂಬಿದೆ. ಯಾವ ಕಾರ್ಖಾನೆ ಹೊಗೆಯೂ ಇಲ್ಲದೆ ಮಣ್ಣಿನಲ್ಲಿ ಭಾರೀ ಸಾರಜನಕ. ಆದರೆ ಗಮನಿಸಿ, ಅಲ್ಲೂ ನೈಟ್ರೇಟ್ ಸೋರಿ ಕ್ಯಾಲ್ಸಿಯಂ ಬರಿದಾಗಿರುವ ಜಾಗಗಳಿವೆ. ಪ್ರಕೃತಿ ತಾನೇ ಮಾಡಿದರೂ ರಸಾಯನಶಾಸ್ತ್ರ ಬದಲಾಗುವುದಿಲ್ಲ.

ತರಗೆಲೆ
ಎಲ್ಲಾ ಓದುತ್ತಿದ್ದೇನೆ. ಖುಷಿಯೂ ಆಗುತ್ತಿದೆ, ಭಯವೂ ಆಗುತ್ತಿದೆ. ಹಾಗಾದರೆ ಯಾವುದನ್ನು ಅಳೆಯಲಿ? ಗೈಡ್‌ಗೆ ಏನಾದರೂ ಒಂದು ತೋರಿಸಬೇಕು.

ಲ್ಯಾಬ್‌ಕೋಟು
ತೊರೆ ಇದೆಯಾ ಆ ಬೆಟ್ಟದಲ್ಲಿ? ಇದ್ದರೆ ಬೇಸಿಗೆಯಲ್ಲಿ ನೀರು ತೆಗೆಯಿರಿ. ಹಿಮ ಕರಗುವ ಹೊತ್ತಿಗೆ ತೊರೆಯಲ್ಲಿ ನೈಟ್ರೇಟ್ ಕಾಣುವುದು ಸಹಜ, ಮರಗಳಿನ್ನೂ ಎಲೆ ಬಿಟ್ಟಿರುವುದಿಲ್ಲ, ಹೀರುವವರು ಯಾರೂ ಇಲ್ಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಮರಗಳು ಪೂರ್ತಿ ಎಲೆಯಲ್ಲಿದ್ದು ಬಾಯಾರಿ ಕೂತಿರುವಾಗಲೂ ನೈಟ್ರೇಟ್ ಹರಿದು ಬರುತ್ತಿದ್ದರೆ, ಆ ಕಾಡಿಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ ಎಂದೇ ಲೆಕ್ಕ. ಒಟ್ಟು ಸಾರಜನಕದ ನೂರು ಅಂಕಿಗಿಂತ ಈ ಒಂದು ಬಾಟಲಿ ಬೇಸಿಗೆ ನೀರು ಜಾಸ್ತಿ ಹೇಳುತ್ತದೆ.

ಮಣ್ಣಿನಲ್ಲಿ ಅಳೆಯುವುದಾದರೆ ಅಮೋನಿಯಂ, ನೈಟ್ರೇಟ್ ಎರಡನ್ನೂ ಬೇರೆಬೇರೆ ಅಳೆಯಿರಿ. ಎಲೆಗೊಬ್ಬರದ ಪದರ ಬೇರೆ, ಕೆಳಗಿನ ಖನಿಜ ಮಣ್ಣು ಬೇರೆ. ಚೀಲದಲ್ಲಿ ಹಾಕಿದ ತಕ್ಷಣ ಐಸ್ ಮೇಲೆ ಇಡಿ. ಬೆಚ್ಚಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸುತ್ತವೆ, ಸಂಜೆಗೆ ನೀವು ಅಳೆಯುವುದು ಕಾಡಿನದ್ದಲ್ಲ, ಚೀಲದ ಸಾರಜನಕ. ಬಿಸಿಲಲ್ಲಿ ಒಣಗಿಸಲೂಬೇಡಿ, ಅಮೋನಿಯಂ ಏರುತ್ತದೆ. 2 ಎಂಎಂ ಜರಡಿ ಹಿಡಿದು, ಬೇರು ಆರಿಸಿ, 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಲುಗಾಡಿಸಿ ಸೋಸಿ. ಸೋಸುವ ಕಾಗದವನ್ನು ಮೊದಲು ಅದೇ ದ್ರಾವಣದಿಂದ ತೊಳೆಯಿರಿ. ಕಾಗದದಲ್ಲೇ ಅಮೋನಿಯಂ ಅಂಟಿರುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಣ್ಣು ಹಾಕದ ಖಾಲಿ ಮಾದರಿಯಲ್ಲಿ ಅಮೋನಿಯಂ ಕಂಡಾಗ ಜನ ಮಷೀನಿಗೆ ಬೈಯುತ್ತಾ ಕೂರುತ್ತಾರೆ.

ಅಂಕಿಅಂಶ
ಒಂದು ಬೇಸಿಗೆ ಸಾಲದು. 1989ರ ಡಿಸೆಂಬರ್‌ನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ವಿಪರೀತ ಚಳಿ ಬಿತ್ತು. ಮುಂದಿನ ವರ್ಷ ದೂರದೂರದ ಕಾಡುಗಳ ತೊರೆಗಳಲ್ಲೆಲ್ಲ ಒಟ್ಟಿಗೇ ನೈಟ್ರೇಟ್ ಜಿಗಿಯಿತು. ಮಣ್ಣು ಹೆಪ್ಪುಗಟ್ಟಿ ಸಣ್ಣ ಬೇರುಗಳು ಸತ್ತದ್ದು ಕಾರಣ ಇರಬೇಕು ಎಂಬುದು ವಾದ. ಕಂಬಳಿಹುಳು ಎಲೆ ತಿಂದು ಹಾಕಿದ ವರ್ಷವೂ ಹೀಗೇ ಆಗುತ್ತದೆ. ಆ ಒಂದು ವರ್ಷದ ಬಾಟಲಿ ನೋಡಿ "ಕಾಡಿಗೆ ಅಜೀರ್ಣ" ಅಂದರೆ ತಪ್ಪಾಗುತ್ತದೆ.

ಹಳೇಮೇಷ್ಟ್ರು
ಅಜೀರ್ಣ ಎಂದವರು ಯಾರಪ್ಪ ಈ ಚರ್ಚೆಯಲ್ಲಿ?

ಅಂಕಿಅಂಶ
😐

ಮಳೆಹನಿ
ಇನ್ನೊಂದು ಮಾತು ಸೇರಿಸದಿದ್ದರೆ ಎಲ್ಲರೂ ಸಾರಜನಕವನ್ನೇ ವಿಲನ್ ಮಾಡಿಬಿಡುತ್ತೀರಿ. ಅಮೆರಿಕದಲ್ಲಿ 1990ರ ಗಾಳಿ ಕಾಯ್ದೆ ತಿದ್ದುಪಡಿ ಆದಮೇಲೆ ಹೊಗೆಯ ಸಾರಜನಕ ಇಳಿಯುತ್ತಾ ಬಂತು. ಜೊತೆಗೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಬೆಳೆಯುವ ಋತು ಉದ್ದವಾಗಿ, ಮರಗಳ ಬೇಡಿಕೆ ಜಾಸ್ತಿಯಾಗಿದೆ. ಹಾಗಾಗಿ ಎಷ್ಟೋ ಕಡೆ ಎಲೆಯಲ್ಲಿ ಸಾರಜನಕದ ಪ್ರಮಾಣ ಇಳಿಯುತ್ತಿದೆ. ಹಬ್ಬರ್ಡ್ ಬ್ರೂಕ್‌ನಲ್ಲಿ ಏನೂ ಹಾಕದೆ ಹಾಗೇ ಬಿಟ್ಟ ಜಲಾನಯನದ ತೊರೆಯಲ್ಲಿ 1970ರ ಸುಮಾರಿಗೆ ಇದ್ದ ನೈಟ್ರೇಟ್ ಈಗ ಬಹಳ ಕಮ್ಮಿ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಇಳಿಕೆಯ ಬಗ್ಗೆಯೇ ಒಂದು ದೊಡ್ಡ ವಿಮರ್ಶೆ ಬಂತು. ಎಲೆ ತಿನ್ನುವ ಹುಳುವಿನಿಂದ ಹಿಡಿದು ಎಲ್ಲಕ್ಕೂ ಇದರಿಂದ ಪ್ರೋಟೀನ್ ಕಮ್ಮಿ. ಒಂದು ತಲೆಮಾರು ಜಾಸ್ತಿಯಾಯಿತೆಂದು ಅತ್ತಿತು, ಮುಂದಿನದು ಕಮ್ಮಿಯಾಯಿತೆಂದು ಅಳಬಹುದು.

ಕಾಡುಪಾಪ
ಆದರೆ ಇದು ಎಲ್ಲ ಕಡೆಯ ಕಥೆ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ದನ, ಹಂದಿ, ಕೋಳಿ ಸಾಕಣೆಯ ಅಮೋನಿಯಾ ಇನ್ನೂ ದೊಡ್ಡ ತಲೆನೋವು. 2019ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸರ್ಕಾರದ ಸಾರಜನಕ ಪರವಾನಗಿ ಪದ್ಧತಿಯನ್ನೇ ತಳ್ಳಿಹಾಕಿತು. ಎಷ್ಟೋ ಕಟ್ಟಡ, ರಸ್ತೆ ಕೆಲಸಗಳು ನಿಂತವು, ರೈತರು ಟ್ರ್ಯಾಕ್ಟರ್ ತಂದು ರಸ್ತೆಗೆ ಇಳಿದರು. ಹೊಗೆ ಕೊಳವೆಗೆ ಫಿಲ್ಟರ್ ಹಾಕಬಹುದು, ದನಕ್ಕೆ ಏನು ಮಾಡುತ್ತೀರಿ?

ಸುಮ್ನೆ_ಓದುಗ
ಅದನ್ನು ದನವನ್ನೇ ಕೇಳಬೇಕು.

ತರಗೆಲೆ
ಕ್ಯಾಲ್ಸಿಯಂ ವರದಿ ಇವತ್ತು ಸಿಕ್ಕಿತು. ಮೇಪಲ್ ಜಾಗದಲ್ಲಿ ಗೋಡೆಯ ಹತ್ತಿರದ ಮಾದರಿಯಲ್ಲಿ ಚೆನ್ನಾಗಿದೆ, ಆದರೆ ನೆತ್ತಿ ಬೋಳಾದ ಮರಗಳ ಬುಡದಲ್ಲಿ ತೀರಾ ಕಡಿಮೆ. ಪಿಎಚ್ ಅಲ್ಲಿ 4ರ ಹತ್ತಿರ, ಅಂದರೆ ಮಣ್ಣು ಬಹಳ ಹುಳಿ. ಸಾರಜನಕ ಮಾತ್ರ ಮೇಪಲ್ ಜಾಗದ ಈ ಎರಡು ಮಾದರಿಯಲ್ಲೂ ಹೆಚ್ಚುಕಡಿಮೆ ಒಂದೇ.

ಹಳೇಮೇಷ್ಟ್ರು
ನಾನು ಏನೂ ಹೇಳುವುದಿಲ್ಲ 🙂

ಅಂಕಿಅಂಶ
ಹೇಳಿಯೇಬಿಟ್ಟಿರಿ. ಆದರೂ ಒಂದು ಕೇಳುತ್ತೇನೆ ತರಗೆಲೆ. ಆ ಕ್ಯಾಲ್ಸಿಯಂ ಹೋಗಿದ್ದು ನೈಟ್ರೇಟ್ ಜೊತೆಗೋ, ಹಳೇ ಗಂಧಕದ ಮಳೆಯಲ್ಲೋ, ಅಥವಾ ಆ ಕಲ್ಲಿನಲ್ಲೇ ಮೊದಲಿಂದ ಇರಲಿಲ್ಲವೋ? ತೊರೆ ನೀರಿನಲ್ಲಿ ನೈಟ್ರೇಟ್, ಸಲ್ಫೇಟ್, ಕ್ಯಾಲ್ಸಿಯಂ ಮೂರನ್ನೂ ಅಳೆಯದೆ ಇದು ಬಗೆಹರಿಯುವುದಿಲ್ಲ. ಕೆಳಗಿನ ಬಂಡೆ ಯಾವುದು ಎಂದೂ ಭೂಗರ್ಭ ನಕ್ಷೆಯಲ್ಲಿ ನೋಡಿ.

ತರಗೆಲೆ
ಗ್ರಾನೈಟ್ ಸರ್. ತೊರೆ ಇದೆ, ಚಿಕ್ಕದು. ಆಗಸ್ಟ್‌ನಲ್ಲಿ ಬತ್ತಿಹೋಗಬಹುದು ಎಂದು ಅಲ್ಲಿನವರು ಹೇಳುತ್ತಾರೆ.

ಲ್ಯಾಬ್‌ಕೋಟು
ಬತ್ತಿದರೆ ಮಣ್ಣಿನೊಳಗೆ ಲೈಸಿಮೀಟರ್ (ಮಣ್ಣಿನಲ್ಲಿ ಬಸಿಯುವ ನೀರು ಹಿಡಿಯುವ ಸಾಧನ) ಇಳಿಸಿ, ಬೇರಿನ ಪದರಕ್ಕಿಂತ ಕೆಳಗೆ. ಈಗಲೇ ಹೂತರೆ ಒಳ್ಳೆಯದು, ಅಗೆದ ಮಣ್ಣು ಮತ್ತೆ ಕೂರಲು ತಿಂಗಳುಗಳೇ ಬೇಕು. ಅಗೆದ ಹೊಸತರಲ್ಲಿ ಬರುವ ನೈಟ್ರೇಟ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಕತ್ತರಿಸಿದ ಬೇರುಗಳದ್ದು. ಗೈಡ್ ಒಪ್ಪಿದರೆ ಹೇಳಿ, ಎಷ್ಟು ಆಳಕ್ಕೆ ಎಂದು ಕೂತು ಲೆಕ್ಕ ಹಾಕೋಣ.